ಬ್ಯಾಬಿಲಾನ್ 5: ಒಂದೇ ಸೀರಿಯಲ್, ಒಂದೊಂದು ಡಿಸ್ಕ್‌ನಲ್ಲಿ ಒಂದೊಂದು ಥರ ಯಾಕೆ?

ಬ್ಯಾಬಿಲಾನ್ 5ರ ಮೂರನೇ ಸೀಸನ್‌ನಲ್ಲಿ ‘ಸೆವರ್ಡ್ ಡ್ರೀಮ್ಸ್’ ಅಂತ ಒಂದು ಎಪಿಸೋಡ್ ಇದೆ. ಭೂಮಿಯ ಸರ್ಕಾರದ ವಿರುದ್ಧ ತಿರುಗಿ ಬಿದ್ದ ಬಾಹ್ಯಾಕಾಶ ನಿಲ್ದಾಣದ ಮೇಲೆ ಅದೇ ಭೂಮಿಯ ಯುದ್ಧನೌಕೆಗಳು ದಾಳಿ ಮಾಡುವ ಕಥೆ. ಇದನ್ನು ಡಿವಿಡಿಯಲ್ಲಿ ಹಾಕಿ ನೋಡಿ. ಕಮಾಂಡ್ ಕೋಣೆಯಲ್ಲಿ ಕ್ಯಾಪ್ಟನ್ ಶೆರಿಡನ್ ನಿಂತಿದ್ದಾನೆ, ಮುಖ ಸ್ಪಷ್ಟ, ಹಣೆಯ ಗೆರೆ ಕೂಡ ಕಾಣುತ್ತದೆ. ಮುಂದಿನ ಕ್ಷಣ ಕ್ಯಾಮೆರಾ ಹೊರಗೆ ಹೋಗುತ್ತದೆ, ನೌಕೆಗಳು ಬರುತ್ತವೆ, ಅಷ್ಟರಲ್ಲಿ ಚಿತ್ರ ಮಬ್ಬಾಗಿಬಿಡುತ್ತದೆ. ಅಂಚುಗಳೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ, ನೌಕೆಯ ಮೂತಿ ಪರದೆಯ ಮೇಲಂಚಿಗೆ ತಾಗಿ ಕತ್ತರಿಸಿ ಹೋಗಿರುತ್ತದೆ. ಮತ್ತೆ ಒಳಗೆ ಬಂದರೆ ಶೆರಿಡನ್ ಸ್ಪಷ್ಟ. ಹೊರಗೆ ಹೋದರೆ ಮಬ್ಬು. 44 ನಿಮಿಷ ಪೂರ್ತಿ ಹೀಗೇ.

ಅದೇ ಎಪಿಸೋಡನ್ನು 2023ರ ಬ್ಲೂ-ರೇಯಲ್ಲಿ ನೋಡಿದರೆ ಪರದೆಯ ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ ಇದೆ, ಚಿತ್ರ ಹಳೆಯ ಟಿವಿಯ ಹಾಗೆ ಚೌಕಾಕಾರ. ಆದರೆ ನೌಕೆಯ ಮೂತಿ ವಾಪಸ್ ಬಂದಿದೆ.

ತುಂಬಾ ಜನ ಇಲ್ಲೇ ಎಡವುತ್ತಾರೆ. ಡಿವಿಡಿಯಲ್ಲಿ ಪರದೆ ತುಂಬ ಚಿತ್ರ ಇತ್ತು, ಹೊಸದರಲ್ಲಿ ಪಟ್ಟಿ ಬಂದಿದೆ, ಅಂದರೆ ಹೊಸದರಲ್ಲಿ ಏನೋ ಕಡಿಮೆ ಮಾಡಿದ್ದಾರೆ ಅಂತ ಅಂದುಕೊಳ್ಳುತ್ತಾರೆ. ಆಗಿರುವುದು ಉಲ್ಟಾ. ಅದು ಹೇಗೆ ಅಂತ ಹೇಳೋಕೆ ಈ ಸೀರಿಯಲ್ ತಯಾರಾದ ರೀತಿಯಿಂದಲೇ ಶುರು ಮಾಡಬೇಕು.

ಗೊತ್ತಿಲ್ಲದವರಿಗೆ ಎರಡು ಮಾತು. ಬ್ಯಾಬಿಲಾನ್ 5 ಅನ್ನುವುದು ಐದು ಮೈಲಿ ಉದ್ದದ ಒಂದು ಬಾಹ್ಯಾಕಾಶ ನಿಲ್ದಾಣ. ಮನುಷ್ಯರು, ಬೇರೆ ಲೋಕದವರು ಎಲ್ಲ ಸೇರಿ ಎರಡೂವರೆ ಲಕ್ಷ ಜನ ಅಲ್ಲಿ ಬದುಕುತ್ತಾರೆ. ಪೈಲಟ್ ಸಿನಿಮಾ, ಅಂದರೆ ಸೀರಿಯಲ್‌ಗೆ ಮುಂಚೆ ಪರೀಕ್ಷೆಗೆ ಅಂತ ಮಾಡಿದ ‘ದಿ ಗ್ಯಾದರಿಂಗ್’, 1993ರಲ್ಲಿ ಅಮೆರಿಕದಲ್ಲಿ ಪ್ರಸಾರವಾಯಿತು, ಸೀರಿಯಲ್ 1994ರಿಂದ 1998ರವರೆಗೆ ಐದು ಸೀಸನ್, 110 ಎಪಿಸೋಡ್ ಓಡಿತು. ಸೃಷ್ಟಿಸಿದವರು ಜೆ. ಮೈಕಲ್ ಸ್ಟ್ರಾಜಿನ್ಸ್ಕಿ. ಆ 110ರಲ್ಲಿ 92 ಎಪಿಸೋಡ್ ಅವರೊಬ್ಬರೇ ಬರೆದರು, ಅದರಲ್ಲೂ ಮೂರನೇ ಮತ್ತು ನಾಲ್ಕನೇ ಸೀಸನ್ ಪೂರ್ತಿ. ಮೊದಲೇ ಆದಿ, ಮಧ್ಯ, ಅಂತ್ಯ ಅಂತ ಲೆಕ್ಕ ಹಾಕಿ ಐದು ವರ್ಷದ ಒಂದು ಕಾದಂಬರಿಯ ಹಾಗೆ ಕಟ್ಟಿದ ಕಥೆ ಇದು. ಮೊದಲ ಸೀಸನ್‌ನಲ್ಲಿ ಸುಮ್ನೆ ಬಂದು ಹೋಗುವ ಒಂದು ಮಾತು ಮೂರನೇ ಸೀಸನ್‌ನಲ್ಲಿ ಎದೆಗೆ ಬಂದು ನಾಟುತ್ತದೆ. ಅಂಥ ಕಥೆಯನ್ನು ವಾರಕ್ಕೊಮ್ಮೆ ಟಿವಿಯಲ್ಲಿ ನೋಡಿ ಬಿಟ್ಟರೆ ಸಾಕಾಗುವುದಿಲ್ಲ, ಹಿಂದಕ್ಕೆ ಹೋಗಿ ಮತ್ತೆ ನೋಡಬೇಕು ಅನಿಸುತ್ತದೆ. ಹಾಗಾಗಿ ಈ ಸೀರಿಯಲ್‌ನ ಅಭಿಮಾನಿಗಳಿಗೆ ಟೇಪು, ಡಿಸ್ಕ್ ಅಂದರೆ ಅಷ್ಟು ಅಕ್ಕರೆ.

ಈಗ ತಯಾರಿಕೆಯ ವಿಷಯ. ನಟರ ದೃಶ್ಯಗಳನ್ನೆಲ್ಲ ಶೂಟ್ ಮಾಡಿದ್ದು ಫಿಲ್ಮ್ ಮೇಲೆ, ಸಿನಿಮಾಕ್ಕೆ ಬಳಸುವ 35 ಎಂಎಂ ರೀಲಿನಲ್ಲಿ. ಅದರಲ್ಲೂ ಸೂಪರ್ 35 ಅನ್ನುವ ವಿಧಾನದಲ್ಲಿ. ಇದರಲ್ಲಿ ನೆಗೆಟಿವ್‌ನ ಅಗಲ ಪೂರ್ತಿ ಬಳಕೆಯಾಗುತ್ತದೆ. ಆ ಕಾಲದ ಟಿವಿಗಳು 4:3, ಅಂದರೆ ನಾಲ್ಕು ಅಡಿ ಅಗಲ ಇದ್ದರೆ ಮೂರಡಿ ಎತ್ತರ. ಮುಂದೆ ಅಗಲ ಟಿವಿ ಬರುತ್ತದೆ ಅಂತ ತಯಾರಕರಿಗೆ ಆಗಲೇ ಗೊತ್ತಿತ್ತು. ಅದಕ್ಕೇ ಪ್ರಸಾರಕ್ಕೆ 4:3 ಚೌಕಟ್ಟು ಇಟ್ಟುಕೊಂಡರೂ ಎಡಬಲದಲ್ಲಿ ಮೈಕು, ದೀಪದ ಸ್ಟ್ಯಾಂಡು ಬಾರದ ಹಾಗೆ ನೋಡಿಕೊಂಡು, ಮುಂದೆ ಅಗಲ ಟಿವಿಯ 16:9 ಆಕಾರ ಮಾಡೋಕೆ ಜಾಗ ಬಿಟ್ಟು ಶೂಟ್ ಮಾಡಿದರು. 1993ರಲ್ಲಿ ಒಂದು ಟಿವಿ ಸೀರಿಯಲ್‌ಗೆ ಇಷ್ಟು ಮುಂದಾಲೋಚನೆ ಮಾಡಿದ್ದು ದೊಡ್ಡ ವಿಷಯ.

ಬಾಹ್ಯಾಕಾಶದ ದೃಶ್ಯಗಳದು ಬೇರೆ ಕಥೆ. ಆಗ ಉಳಿದವರು ನೌಕೆಗಳ ಮಾದರಿ ಕಟ್ಟಿ, ಅದರ ಸುತ್ತ ಕ್ಯಾಮೆರಾ ಓಡಿಸಿ ಫಿಲ್ಮ್‌ನಲ್ಲಿ ಚಿತ್ರೀಕರಿಸುತ್ತಿದ್ದರು. ಅದಕ್ಕೆ ದುಡ್ಡು ಜಾಸ್ತಿ, ಸಮಯವೂ ಜಾಸ್ತಿ. ಬ್ಯಾಬಿಲಾನ್ 5ರವರ ಹತ್ತಿರ ಎರಡೂ ಕಡಿಮೆ. ರಾನ್ ಥಾರ್ನ್‌ಟನ್ ಅವರ ಫೌಂಡೇಶನ್ ಇಮೇಜಿಂಗ್ ಅನ್ನುವ ಕಂಪನಿ ಮನೆಗಳಲ್ಲಿ ಬಳಸುತ್ತಿದ್ದಂಥ ಅಮಿಗಾ ಕಂಪ್ಯೂಟರ್‌ಗಳಿಗೆ ವಿಡಿಯೋ ಟೋಸ್ಟರ್ ಕಾರ್ಡ್ ಹಾಕಿ, ಲೈಟ್‌ವೇವ್ ಸಾಫ್ಟ್‌ವೇರ್‌ನಲ್ಲಿ ಪೂರ್ತಿ ನಿಲ್ದಾಣವನ್ನೇ ಕಂಪ್ಯೂಟರ್ ಒಳಗೆ ಕಟ್ಟಿತು. ಪೈಲಟ್‌ನ ಈ ಕೆಲಸಕ್ಕೆ ಎಮ್ಮಿ ಪ್ರಶಸ್ತಿ ಬಂತು. ಟಿವಿ ಸೀರಿಯಲ್‌ನಲ್ಲಿ ಬಾಹ್ಯಾಕಾಶವನ್ನು ಮಾದರಿ ಇಲ್ಲದೆ, ಬರೀ ಕಂಪ್ಯೂಟರ್‌ನಲ್ಲಿ ತೋರಿಸಬಹುದು ಅಂತ ಸಾಧಿಸಿ ತೋರಿಸಿದವರಲ್ಲಿ ಇವರು ಮೊದಲಿಗರು. ನಾಲ್ಕನೇ ಸೀಸನ್‌ನಿಂದ ಈ ಕೆಲಸ ನೆಟ್ಟರ್ ಡಿಜಿಟಲ್‌ನವರ ಕೈಗೆ ಹೋಯಿತು.

ಆದರೆ ಈ ಗ್ರಾಫಿಕ್ಸ್ ಎಲ್ಲ ರೆಂಡರ್ ಆಗಿದ್ದು, ಅಂದರೆ ಕಂಪ್ಯೂಟರ್ ಒಳಗಿನ ಮಾದರಿಯಿಂದ ಚಿತ್ರವಾಗಿ ಹೊರಬಂದಿದ್ದು, ಆಗಿನ ಟಿವಿಯ ಅಳತೆಗೆ. 4:3 ಆಕಾರ, ಸುಮಾರು 480 ಗೆರೆ. ಫಿಲ್ಮ್‌ಗೆ ಅದು ಹೋಗಲೇ ಇಲ್ಲ, ನೇರ ವಿಡಿಯೋ ಟೇಪಿಗೆ ಹೋಯಿತು. ಕಂಪ್ಯೂಟರ್ ಗ್ರಾಫಿಕ್ಸ್ ಅಲ್ವಾ, ಮುಂದೆ ಅಗಲ ಟಿವಿ ಬಂದಾಗ ಅದೇ ಫೈಲ್ ತೆರೆದು ದೊಡ್ಡ ಅಳತೆಯಲ್ಲಿ ಮತ್ತೆ ರೆಂಡರ್ ಮಾಡಿದರಾಯಿತು ಅನ್ನುವುದು ಆಗಿನ ಲೆಕ್ಕ. ಲೆಕ್ಕ ತಪ್ಪಿರಲಿಲ್ಲ. ಫೈಲ್‌ಗಳು ಉಳಿಯಬೇಕಿತ್ತು, ಅಷ್ಟೇ.

ಇನ್ನೊಂದು ಗುಂಪು ಇದೆ, ತಲೆನೋವು ಜಾಸ್ತಿ ಇರುವುದು ಅಲ್ಲೇ. ನಟರೂ ಗ್ರಾಫಿಕ್ಸೂ ಸೇರಿದ ದೃಶ್ಯಗಳು. ಶೆರಿಡನ್ ಹಿಂದಿನ ಕಿಟಕಿಯಲ್ಲಿ ನಕ್ಷತ್ರಗಳು ಕಾಣಬೇಕು, ಗೋಡೆಯ ಪರದೆಯಲ್ಲಿ ಡೆಲೆನ್ ಅನ್ನುವ ಇನ್ನೊಂದು ಪಾತ್ರ ಮಾತಾಡಬೇಕು, ಪಿಸ್ತೂಲಿನಿಂದ ಬೆಳಕಿನ ಗುಂಡು ಹಾರಬೇಕು. ನಟ ಇರುವುದು ಫಿಲ್ಮ್‌ನಲ್ಲಿ, ನಕ್ಷತ್ರ ಇರುವುದು ಕಂಪ್ಯೂಟರ್‌ನಲ್ಲಿ. ಎರಡನ್ನೂ ಸೇರಿಸಿದ್ದು ವಿಡಿಯೋದಲ್ಲಿ, ಅದೇ 480 ಗೆರೆಯಲ್ಲಿ. ಸೇರಿಸಿದ ಮೇಲೆ ಆ ದೃಶ್ಯ ಇರುವುದು ಟೇಪಿನಲ್ಲಿ ಮಾತ್ರ.

ಅಂದರೆ ಒಂದೇ ಎಪಿಸೋಡ್‌ನಲ್ಲಿ ಮೂರು ಥರದ ಸಾಮಾನು ಸೇರಿದೆ: ಶುದ್ಧ ಫಿಲ್ಮ್, ಶುದ್ಧ ಗ್ರಾಫಿಕ್ಸ್, ಎರಡೂ ಬೆರೆತದ್ದು.

ಇದು ಯಾಕೆ ಮುಖ್ಯ ಅಂತ ತಿಳಿಯೋಕೆ ನಮ್ಮೂರಿನ ಫೋಟೋ ಸ್ಟುಡಿಯೋ ನೆನಪು ಮಾಡಿಕೊಳ್ಳಿ. ತೀರಿಕೊಂಡ ಅಜ್ಜನ ಫೋಟೋ ದೊಡ್ಡದು ಮಾಡಿಸಿ ಗೋಡೆಗೆ ಹಾಕಬೇಕು ಅಂತ ಹೋದರೆ ಸ್ಟುಡಿಯೋದವರು ಮೊದಲು ಕೇಳುತ್ತಿದ್ದ ಪ್ರಶ್ನೆ, “ನೆಗೆಟಿವ್ ಇದೆಯಾ?” ಇದ್ದರೆ ಎಷ್ಟು ದೊಡ್ಡದು ಬೇಕಾದರೂ ಮಾಡಿಕೊಡುತ್ತಿದ್ದರು, ಅಜ್ಜನ ಮೀಸೆಯ ಕೂದಲು ಎಣಿಸಬಹುದಿತ್ತು. ನೆಗೆಟಿವ್ ಇಲ್ಲ, ಪಾಸ್‌ಪೋರ್ಟ್ ಸೈಜಿನ ಪ್ರಿಂಟ್ ಮಾತ್ರ ಇದೆ ಅಂದರೆ ಅದರದೇ ಫೋಟೋ ತೆಗೆದು ದೊಡ್ಡದು ಮಾಡುತ್ತಿದ್ದರು. ಮುಖ ಬರುತ್ತಿತ್ತು, ಆದರೆ ಮಂಜಿನಲ್ಲಿ ನಿಂತ ಹಾಗೆ. ಬ್ಯಾಬಿಲಾನ್ 5ರ ನಟರ ದೃಶ್ಯಗಳಿಗೆ ನೆಗೆಟಿವ್ ಇದೆ. ಗ್ರಾಫಿಕ್ಸ್‌ಗೆ ಇರುವುದು ಪಾಸ್‌ಪೋರ್ಟ್ ಸೈಜಿನ ಪ್ರಿಂಟ್ ಮಾತ್ರ.

ಈಗ ಡಿವಿಡಿಗೆ ಬರೋಣ. 2000ದ ಸುಮಾರಿಗೆ ಸೈ-ಫೈ ಚಾನೆಲ್‌ನ ಮರುಪ್ರಸಾರಕ್ಕೆ ಅಂತ ಪೂರ್ತಿ ಸೀರಿಯಲ್‌ನ ಅಗಲದ ಆವೃತ್ತಿ ತಯಾರಾಯಿತು. 2002ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಮೊದಲ ಸೀಸನ್‌ನ ಡಿವಿಡಿ ಬಂತು, 2004ರ ಹೊತ್ತಿಗೆ ಐದೂ ಸೀಸನ್. ಎಲ್ಲದರಲ್ಲೂ ಇರುವುದು 16:9 ಚಿತ್ರ.

ಶುದ್ಧ ಫಿಲ್ಮ್ ದೃಶ್ಯಗಳಿಗೆ ಏನೂ ತೊಂದರೆ ಆಗಲಿಲ್ಲ. ಎಡಬಲದಲ್ಲಿ ಜಾಗ ಬಿಟ್ಟಿದ್ದರಲ್ಲ, ಅದು ಕೆಲಸಕ್ಕೆ ಬಂತು, ಟಿವಿಯಲ್ಲಿ ಕಂಡಿದ್ದಕ್ಕಿಂತ ಬದಿಗಳಲ್ಲಿ ಸ್ವಲ್ಪ ಜಾಸ್ತಿಯೇ ಕಾಣುತ್ತದೆ. ಗ್ರಾಫಿಕ್ಸ್‌ನ ಬದಿಗಳಲ್ಲಿ ಏನೂ ಇಲ್ಲ, ಅದು ರೆಂಡರ್ ಆಗಿದ್ದೇ ಚೌಕದಲ್ಲಿ. ಚೌಕವನ್ನು ಅಗಲ ಮಾಡೋಕೆ ಮೇಲೆ ಕೆಳಗೆ ಕತ್ತರಿಸುವುದು ಬಿಟ್ಟು ದಾರಿ ಇರಲಿಲ್ಲ. ಕತ್ತರಿಸಿದರು. ಲೆಕ್ಕ ಹಾಕಿ: 4:3 ಚಿತ್ರವನ್ನು 16:9 ಮಾಡಿದರೆ ಎತ್ತರದ ನಾಲ್ಕನೇ ಒಂದು ಭಾಗ ಹೋಗುತ್ತದೆ. 480 ಗೆರೆಯಲ್ಲಿ ಉಳಿಯುವುದು 360. ಆ 360 ಗೆರೆಯನ್ನು ಎಳೆದು ಮತ್ತೆ ಪರದೆ ತುಂಬಿಸಬೇಕು. ಪಾಸ್‌ಪೋರ್ಟ್ ಫೋಟೋದ ತಲೆ, ಗಲ್ಲ ಎರಡನ್ನೂ ಕತ್ತರಿಸಿ, ಉಳಿದದ್ದನ್ನು ದೊಡ್ಡದು ಮಾಡಿದ ಹಾಗೆ.

ಬೆರೆತ ದೃಶ್ಯಗಳಿಗೂ ಇದೇ ಗತಿ. ಇಬ್ಬರು ಮಾತಾಡುತ್ತಿದ್ದಾರೆ ಅಂದುಕೊಳ್ಳಿ. ಒಬ್ಬರ ಹಿಂದೆ ಗೋಡೆ, ಇನ್ನೊಬ್ಬರ ಹಿಂದೆ ನಕ್ಷತ್ರಗಳ ಕಿಟಕಿ. ಗೋಡೆ ಕಡೆಯವರು ಪಕ್ಕಾ ಸ್ಪಷ್ಟ, ಕಿಟಕಿ ಕಡೆಯವರು ಮಬ್ಬು, ಜೊತೆಗೆ ಕ್ಯಾಮೆರಾ ತಟ್ಟನೆ ಹತ್ತಿರ ಬಂದ ಹಾಗೆ ಮುಖ ದೊಡ್ಡದು. ಒಂದೇ ಸಂಭಾಷಣೆಯಲ್ಲಿ ಎಂಟು ಹತ್ತು ಸಲ ಹೀಗೆ ಅತ್ತಿಂದಿತ್ತ. ಮೊದಲ ಸಲ ನೋಡಿದಾಗ ಡಿಸ್ಕ್ ಹಾಳಾಗಿದೆಯೇನೋ ಅಂದುಕೊಂಡು ತೆಗೆದು, ಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕಿದ್ದೆ. ಡಿಸ್ಕ್ ಚೆನ್ನಾಗಿಯೇ ಇತ್ತು.

ಗ್ರಾಫಿಕ್ಸ್ ಮಾಡಿದವರು ಪ್ರತಿ ಚೌಕಟ್ಟನ್ನೂ ಯೋಚಿಸಿ ಇಟ್ಟಿದ್ದರು, ನೌಕೆ ಎಲ್ಲಿಂದ ಬರಬೇಕು, ನಿಲ್ದಾಣದ ಮೇಲೆ ಎಷ್ಟು ಕತ್ತಲು ಬಿಡಬೇಕು ಅಂತ. ಮೇಲೆ ಕೆಳಗೆ ಕತ್ತರಿಸಿದಾಗ ಆ ಕತ್ತಲೇ ಹೋಯಿತು. ನೌಕೆಗಳು ಪೆಟ್ಟಿಗೆಯಲ್ಲಿ ತುರುಕಿದ ಆಟಿಕೆಗಳ ಹಾಗೆ ಕಾಣತೊಡಗಿದವು. ಡಿವಿಡಿಯಲ್ಲಿ ಮೊದಲ ಬಾರಿ ನೋಡಿದ ಎಷ್ಟೋ ಜನ “ಕಥೆ ಚೆನ್ನಾಗಿದೆ, ಗ್ರಾಫಿಕ್ಸ್ ಕಳಪೆ” ಅಂದರು. ಅದು ಆ ಕಲಾವಿದರಿಗೆ ಆದ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಅವರು ಮಾಡಿದ ಚಿತ್ರ ಆ ಡಿಸ್ಕ್‌ನಲ್ಲಿ ಪೂರ್ತಿ ಇರಲೇ ಇಲ್ಲ.

ಹಾಗಾದರೆ ಹಳೆಯ ಫೈಲ್ ತೆರೆದು ಮತ್ತೆ ರೆಂಡರ್ ಮಾಡಬಾರದಿತ್ತಾ? ಎಲ್ಲರೂ ಕೇಳುವ ಪ್ರಶ್ನೆ ಇದು. ನೆಟ್ಟರ್ ಡಿಜಿಟಲ್ 2000ದಲ್ಲಿ ದಿವಾಳಿಯಾಯಿತು. ಫೌಂಡೇಶನ್ ಇಮೇಜಿಂಗ್ 2002ರಲ್ಲಿ ಮುಚ್ಚಿತು. ಫೈಲ್‌ಗಳನ್ನು ಒಂದು ಕಡೆ ಜೋಪಾನ ಮಾಡಿ ಇಟ್ಟವರು ಯಾರೂ ಇರಲಿಲ್ಲ. ಕೆಲವು ಕಲಾವಿದರ ಹತ್ತಿರ ಒಂದಷ್ಟು ಉಳಿದಿತ್ತು, ಅದನ್ನು ಹೊಸ ಕಂಪ್ಯೂಟರ್‌ನಲ್ಲಿ ರೆಂಡರ್ ಮಾಡಿ ತೋರಿಸಿದವರೂ ಇದ್ದಾರೆ, ನೋಡಿದರೆ ಕಣ್ಣಿಗೆ ಹಬ್ಬ. ಆದರೆ ನೌಕೆಯ ಮಾದರಿ ಒಂದೇ ಸಿಕ್ಕರೆ ಸಾಲದು. ಮೇಲ್ಮೈಗೆ ಅಂಟಿಸಿದ ಚಿತ್ರಗಳು, ಬೆಳಕು ಎಲ್ಲಿಟ್ಟಿದ್ದರು, ಕ್ಯಾಮೆರಾ ಯಾವ ದಾರಿಯಲ್ಲಿ ಓಡಿತು, ಸ್ಫೋಟ ಎಷ್ಟನೇ ಫ್ರೇಮ್‌ನಲ್ಲಿ ಶುರುವಾಯಿತು, ಇದೆಲ್ಲ ಒಂದೊಂದು ದೃಶ್ಯಕ್ಕೂ ಬೇಕು. ಅಡುಗೆ ಪಾತ್ರೆ ಸಿಕ್ಕಿದೆ ಅಂದ ಮಾತ್ರಕ್ಕೆ ಅಜ್ಜಿಯ ಸಾರು ಬರುವುದಿಲ್ಲ.

ಇದೇ ಜಾಗದಲ್ಲಿ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್’ ಅನ್ನುವ ಇನ್ನೊಂದು ಬಾಹ್ಯಾಕಾಶ ಸೀರಿಯಲ್ಲನ್ನು ಪಕ್ಕದಲ್ಲಿಟ್ಟು ನೋಡಬೇಕು. ಅದನ್ನೂ ಫಿಲ್ಮ್‌ನಲ್ಲೇ ಶೂಟ್ ಮಾಡಿ, ಟೇಪಿನಲ್ಲೇ ಎಡಿಟ್ ಮಾಡಿದ್ದರು. ಆದರೆ ಅದರ ನೌಕೆಗಳು ಬಹುಪಾಲು ಮಾದರಿಗಳು, ಚಿತ್ರೀಕರಣ ಫಿಲ್ಮ್‌ನಲ್ಲಿ, ಆ ರೀಲುಗಳು ಉಳಿದಿದ್ದವು. 2012ರಿಂದ 2014ರವರೆಗೆ ಏಳೂ ಸೀಸನ್‌ಗಳ ನೆಗೆಟಿವ್ ಹುಡುಕಿ, ಸ್ಕ್ಯಾನ್ ಮಾಡಿ, ಹಳೆಯ ಎಡಿಟ್‌ಗೆ ಸರಿಯಾಗಿ ಮತ್ತೆ ಜೋಡಿಸಿ, ಗ್ರಾಫಿಕ್ಸ್ ದೃಶ್ಯಗಳನ್ನು ಹೊಸದಾಗಿ ಸೇರಿಸಿ ಬ್ಲೂ-ರೇ ತಂದರು. ನಿನ್ನೆ ಶೂಟ್ ಮಾಡಿದ ಹಾಗೆ ಕಾಣುತ್ತದೆ. ಮುಂದೆ ಹೋದ ಬ್ಯಾಬಿಲಾನ್ 5 ಹೊಸ ತಂತ್ರದಿಂದಲೇ ಪೆಟ್ಟು ತಿಂದಿತು, ಹಳೆಯ ದಾರಿಯಲ್ಲೇ ನಡೆದ ಸ್ಟಾರ್ ಟ್ರೆಕ್ ಫಿಲ್ಮ್‌ನಿಂದಾಗಿ ಉಳಿಯಿತು. ಈ ವಿಷಯ ಯೋಚಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಮ್ಮ ಮನೆಗೆ ಈ ಡಿವಿಡಿ ಬಂದಿದ್ದು ದೊಡ್ಡಮ್ಮನ ಮಗನಿಂದ. ಅಣ್ಣ ಅಮೆರಿಕದಿಂದ ರಜೆಗೆ ಬರುವಾಗ ಸೂಟ್‌ಕೇಸ್‌ನಲ್ಲಿ ಬಟ್ಟೆಗಳ ಮಧ್ಯೆ ಎರಡು ಸೀಸನ್‌ನ ಬಾಕ್ಸ್ ಇಟ್ಟುಕೊಂಡು ಬಂದಿದ್ದ. ಸಂಭ್ರಮದಿಂದ ಪ್ಲೇಯರ್‌ಗೆ ಹಾಕಿದರೆ ಪರದೆ ಮೇಲೆ ಒಂದೇ ಸಾಲು, ಈ ಡಿಸ್ಕ್ ಈ ಪ್ರದೇಶದಲ್ಲಿ ಓಡುವುದಿಲ್ಲ ಅಂತ. ಡಿವಿಡಿ ಕಂಪನಿಗಳು ಜಗತ್ತನ್ನು ಭಾಗ ಮಾಡಿ ಹಂಚಿಕೊಂಡಿದ್ದವು: ಅಮೆರಿಕ ರೀಜನ್ 1, ಬ್ರಿಟನ್ 2, ಭಾರತ 5. ಒಂದು ಭಾಗದ ಡಿಸ್ಕ್ ಇನ್ನೊಂದು ಭಾಗದ ಪ್ಲೇಯರ್‌ನಲ್ಲಿ ಓಡಬಾರದು ಅನ್ನುವುದು ನಿಯಮ. ದುಡ್ಡು ಕೊಟ್ಟು ತಂದ ಡಿಸ್ಕ್ ನೋಡೋಕೆ ಆಗುವುದಿಲ್ಲ ಅಂದರೆ ಹೇಗಿರುತ್ತದೆ ಹೇಳಿ. ಅಣ್ಣ ಪ್ಲೇಯರನ್ನು ಚೀಲದಲ್ಲಿ ಹಾಕಿಕೊಂಡು ಬೆಂಗಳೂರಿನ ಎಸ್.ಪಿ. ರೋಡ್‌ಗೆ ನಡೆದ. ಅಂಗಡಿಯವರು ಡಿಸ್ಕ್ ಟ್ರೇ ತೆರೆದಿಟ್ಟು, ರಿಮೋಟ್‌ನಲ್ಲಿ ನಾಲ್ಕೈದು ನಂಬರ್ ಒತ್ತಿದರು. ಮುಚ್ಚಿಟ್ಟಿದ್ದ ಒಂದು ಮೆನು ಬಂತು, ಅದರಲ್ಲಿ 5 ಇದ್ದದ್ದನ್ನು 0 ಮಾಡಿದರು. “ಇನ್ನು ಯಾವ ದೇಶದ್ದಾದರೂ ಹಾಕಿ ಸಾರ್” ಅಂದರು. ಕಂಪ್ಯೂಟರ್‌ನ ಡಿವಿಡಿ ಡ್ರೈವ್‌ನಲ್ಲಿ ಇಷ್ಟು ಸುಲಭ ಇರಲಿಲ್ಲ. ಅಲ್ಲಿ ರೀಜನ್ ಐದು ಸಲ ಬದಲಾಯಿಸಬಹುದು, ಆಮೇಲೆ ಯಾವುದರಲ್ಲಿ ನಿಂತಿತೋ ಅದೇ ಖಾಯಂ.

ಬ್ಲೂ-ರೇಯಲ್ಲೂ ಈ ಹಂಚಿಕೆ ಇದೆ, ಎ, ಬಿ, ಸಿ ಅಂತ ಮೂರು ಭಾಗ, ಭಾರತ ಸಿ. ಎಷ್ಟೋ ಡಿಸ್ಕ್‌ಗಳಿಗೆ ಬೀಗ ಹಾಕಿರುವುದಿಲ್ಲ, ಆದರೂ ಹೊರಗಿನಿಂದ ತರಿಸುವ ಮೊದಲು ಬಾಕ್ಸ್ ಹಿಂದಿನ ಗುರುತು ನೋಡಿಕೊಳ್ಳಿ.

ಈಗ ಹೊಸ ಆವೃತ್ತಿ. 2021ರ ಜನವರಿಯಲ್ಲಿ ಅಮೆರಿಕದ ಎಚ್‌ಬಿಒ ಮ್ಯಾಕ್ಸ್ ಅನ್ನುವ ಸ್ಟ್ರೀಮಿಂಗ್ ಸೇವೆಯಲ್ಲಿ ಬ್ಯಾಬಿಲಾನ್ 5ರ ರಿಮಾಸ್ಟರ್, ಅಂದರೆ ಹೊಸದಾಗಿ ಸರಿಪಡಿಸಿದ ಆವೃತ್ತಿ, ಬಂತು. ಡಿವಿಡಿಗೆ ಬಳಸಿದ ಅಗಲದ ಆವೃತ್ತಿಯನ್ನು ಪಕ್ಕಕ್ಕಿಟ್ಟು, ಮೂಲ ಕ್ಯಾಮೆರಾ ನೆಗೆಟಿವ್‌ಗೇ ವಾಪಸ್ ಹೋಗಿ 4ಕೆ ಸ್ಕ್ಯಾನ್ ಮಾಡಿದರು. ಧೂಳು, ಗೀರು ತೆಗೆದು, ಬಣ್ಣ ಸರಿ ಮಾಡಿ ಎಚ್‌ಡಿ ಅಳತೆಗೆ ತಂದರು. ಗ್ರಾಫಿಕ್ಸ್ ಮತ್ತು ಬೆರೆತ ದೃಶ್ಯಗಳನ್ನು ಹಳೆಯ ಟೇಪಿನಿಂದಲೇ ತೆಗೆದು ಅಪ್‌ಸ್ಕೇಲ್ ಮಾಡಿದರು, ಅಂದರೆ ದೊಡ್ಡ ಅಳತೆಗೆ ಹಿಗ್ಗಿಸಿದರು. ಎಲ್ಲಕ್ಕಿಂತ ಮುಖ್ಯ, ಪೂರ್ತಿ ಸೀರಿಯಲ್ಲನ್ನು 4:3ರಲ್ಲೇ ಇಟ್ಟರು.

ಈ ಒಂದು ತೀರ್ಮಾನದಿಂದ ಅರ್ಧ ಸಮಸ್ಯೆ ತೀರಿತು. ಗ್ರಾಫಿಕ್ಸ್‌ನಿಂದ ಒಂದು ಗೆರೆಯನ್ನೂ ಕತ್ತರಿಸಬೇಕಾಗಿಲ್ಲ, 480ಕ್ಕೆ 480 ಪೂರ್ತಿ ಇದೆ. ಕಿಟಕಿ ಕಡೆಯವರ ಮುಖ ತಟ್ಟನೆ ದೊಡ್ಡದಾಗುವುದೂ ನಿಂತಿತು, ಎರಡೂ ಕಡೆ ಚೌಕಟ್ಟು ಒಂದೇ ಅಳತೆ. ಸ್ಪಷ್ಟತೆಯಲ್ಲಿ ವ್ಯತ್ಯಾಸ ಹೋಗಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಅಪ್‌ಸ್ಕೇಲ್ ಅಂದರೆ ಇಲ್ಲದ ವಿವರವನ್ನು ಹುಟ್ಟಿಸುವುದಲ್ಲ, ಇರುವುದನ್ನು ಹದವಾಗಿ ಹರಡುವುದು. ನೆಗೆಟಿವ್‌ನಿಂದ ಬಂದ ಮುಖದ ಪಕ್ಕ ಟೇಪಿನಿಂದ ಬಂದ ನೌಕೆ ಮೃದುವಾಗಿಯೇ ಕಾಣುತ್ತದೆ. ಆದರೆ ಕಣ್ಣಿಗೆ ಹೊಡೆಯುವುದಿಲ್ಲ. ಹತ್ತು ನಿಮಿಷ ನೋಡಿದ ಮೇಲೆ ಕಥೆಯಲ್ಲಿ ಮುಳುಗಿ ಹೋಗುತ್ತೀರಿ.

ಫಿಲ್ಮ್ ದೃಶ್ಯಗಳಂತೂ ಬೇರೆಯೇ ಲೋಕ. ಆಂಡ್ರಿಯಾಸ್ ಕಟ್ಸುಲಾಸ್ ಮಾಡಿದ ಜಿ’ಕಾರ್ ಪಾತ್ರ ನೋಡಿ. ಮುಖ ತುಂಬ ರಬ್ಬರ್ ಮೇಕಪ್, ಚುಕ್ಕೆ ಚುಕ್ಕೆ ಚರ್ಮ, ಕೆಂಪು ಕಣ್ಣು. ಡಿವಿಡಿಯಲ್ಲಿ ಅದು ಮೇಕಪ್. ಬ್ಲೂ-ರೇಯಲ್ಲಿ ಆ ಮೇಕಪ್ ಕೆಳಗೆ ನಟನ ಕೆನ್ನೆ ನಡುಗುವುದು, ತುಟಿ ಬಿಗಿಯುವುದು ಕಾಣುತ್ತದೆ. 1996ರಲ್ಲಿ ಹ್ಯೂಗೋ ಪ್ರಶಸ್ತಿ ಗೆದ್ದ ‘ದಿ ಕಮಿಂಗ್ ಆಫ್ ಶ್ಯಾಡೋಸ್’ ಎಪಿಸೋಡ್‌ನಲ್ಲಿ ಅವನಿಗೆ ಒಂದು ಕೆಟ್ಟ ಸುದ್ದಿ ಬರುವ ದೃಶ್ಯವನ್ನು ನಾನು ಎಷ್ಟೋ ಸಲ ನೋಡಿದ್ದೆ. ಅಲ್ಲಿ ಕಟ್ಸುಲಾಸ್ ಕಣ್ಣಲ್ಲೇ ಎಷ್ಟು ಮಾಡಿದ್ದಾರೆ ಅಂತ ಗೊತ್ತಾಗಿದ್ದು ಮಾತ್ರ ಈ ಸ್ಕ್ಯಾನ್ ಬಂದ ಮೇಲೆ.

ಅದೇ ರಿಮಾಸ್ಟರ್ 2023ರ ಡಿಸೆಂಬರ್‌ನಲ್ಲಿ ಬ್ಲೂ-ರೇಯಾಗಿ ಬಂತು, 21 ಡಿಸ್ಕ್‌ಗಳ ಬಾಕ್ಸ್. ಸೀರಿಯಲ್ ಶುರುವಾಗಿ ಸುಮಾರು ಮೂವತ್ತು ವರ್ಷದ ಮೇಲೆ. ಸ್ಟ್ರೀಮಿಂಗ್‌ನಲ್ಲಿ ಇದ್ದ ಮೇಲೆ ಡಿಸ್ಕ್ ಯಾಕೆ ಅಂತ ಕೇಳಬಹುದು. ಸ್ಟ್ರೀಮಿಂಗ್‌ನಲ್ಲಿ ಸೀರಿಯಲ್ ಇವತ್ತು ಇರುತ್ತದೆ, ನಾಳೆ ಹಕ್ಕು ಬೇರೆಯವರ ಕೈಗೆ ಹೋದರೆ ಇರುವುದಿಲ್ಲ. ಜೊತೆಗೆ, ಕತ್ತಲು ಜಾಸ್ತಿ ಇರುವ ಬಾಹ್ಯಾಕಾಶ ದೃಶ್ಯಗಳಲ್ಲಿ ಸ್ಟ್ರೀಮಿಂಗ್‌ನವರು ಡೇಟಾ ಹಿಂಡಿದಾಗ ಕಪ್ಪು ಬಣ್ಣ ಚೌಕ ಚೌಕವಾಗಿ ಒಡೆಯುತ್ತದೆ. ಡಿಸ್ಕ್‌ನಲ್ಲಿ ಆ ಕಾಟ ತುಂಬಾ ಕಡಿಮೆ.

ಮನೆಯಲ್ಲಿ ನೋಡುವಾಗ ಒಂದು ಕೆಲಸ ಮರೆಯಬೇಡಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಟಿವಿ ‘ಫುಲ್’ ಅಥವಾ ‘ಸ್ಟ್ರೆಚ್’ನಲ್ಲೇ ಇರುತ್ತದೆ, ಹಳೆಯ ಕಪ್ಪುಬಿಳುಪು ಸಿನಿಮಾ ಹಾಕಿದರೆ ನಾಯಕಿಯ ಮುಖ ಒತ್ತಿದ ಚಪಾತಿಯ ಹಾಗೆ ಅಗಲವಾಗಿರುತ್ತದೆ, ಯಾರೂ ಏನೂ ಅನ್ನುವುದಿಲ್ಲ. ಬ್ಯಾಬಿಲಾನ್ 5 ಹಾಕುವ ಮುಂಚೆ ಟಿವಿಯ ಪಿಕ್ಚರ್ ಮೆನುಗೆ ಹೋಗಿ ಆಕಾರವನ್ನು ‘ಒರಿಜಿನಲ್’ ಅಥವಾ ‘16:9’ಕ್ಕೆ ಇಡಿ. ಡಿಸ್ಕ್‌ನಲ್ಲೇ ಪಟ್ಟಿಗಳು ಸೇರಿರುತ್ತವೆ, ಹಾಗಾಗಿ ಟಿವಿ ಏನೂ ಎಳೆಯದಿದ್ದರೆ ಸಾಕು. ‘ಝೂಮ್’ ಒತ್ತಿ ಪಟ್ಟಿ ತೆಗೆದರೆ 2002ರಲ್ಲಿ ಆದ ತಪ್ಪನ್ನೇ ನೀವು ಮನೆಯಲ್ಲಿ ಕೂತು ಮತ್ತೆ ಮಾಡಿದ ಹಾಗಾಯಿತು.

ಇನ್ನು ಯಾವುದನ್ನು ಕೊಳ್ಳಬೇಕು? ನೋಡೋಕೆ ಬ್ಲೂ-ರೇ, ಅದರಲ್ಲಿ ಎರಡು ಮಾತಿಲ್ಲ. ಡಿವಿಡಿ ಇದ್ದವರು ಹಳೆ ಸಾಮಾನಿನವರಿಗೆ ಕೊಡಬೇಡಿ. ಬ್ಲೂ-ರೇ ಬಾಕ್ಸ್‌ನಲ್ಲಿ 110 ಎಪಿಸೋಡ್ ಮತ್ತು ಪೈಲಟ್ ಇದೆ, ‘ಇನ್ ದ ಬಿಗಿನಿಂಗ್’, ‘ಥರ್ಡ್‌ಸ್ಪೇಸ್’ ಥರದ ಟಿವಿ ಸಿನಿಮಾಗಳು ಇಲ್ಲ. ಅವು ಬೇಕಾದರೆ ಡಿವಿಡಿಗೇ ಹೋಗಬೇಕು. ಇದರ ಮುಂದುವರಿಕೆಯಾಗಿ ಬಂದು 13 ಎಪಿಸೋಡ್‌ಗೆ ನಿಂತುಹೋದ ‘ಕ್ರುಸೇಡ್’ ಸೀರಿಯಲ್‌ಗೂ ಅಷ್ಟೇ.

ಬ್ಲೂ-ರೇಯಲ್ಲಿ ಕಾಮೆಂಟರಿಯೂ ಇಲ್ಲ. ಡಿವಿಡಿಯಲ್ಲಿ ಕೆಲವು ಎಪಿಸೋಡ್‌ಗಳಿಗೆ ಸ್ಟ್ರಾಜಿನ್ಸ್ಕಿ ತಾವೇ ಕೂತು ಮಾತಾಡಿದ್ದಾರೆ, ಯಾವ ಸುಳಿವನ್ನು ಎಲ್ಲಿ ಯಾಕೆ ಇಟ್ಟೆ ಅಂತ. ಎರಡನೇ ಸೀಸನ್‌ನ ಒಂದು ಎಪಿಸೋಡ್‌ಗೆ ನಟರಾದ ಬ್ರೂಸ್ ಬಾಕ್ಸ್‌ಲೈಟ್ನರ್, ಕ್ಲಾಡಿಯಾ ಕ್ರಿಶ್ಚಿಯನ್, ಜೆರ್ರಿ ಡಾಯ್ಲ್ ಮೂವರೂ ಒಟ್ಟಿಗೆ ಕೂತಿದ್ದಾರೆ. ಡಾಯ್ಲ್ 2016ರಲ್ಲಿ ತೀರಿಕೊಂಡರು. ಅಣ್ಣ ತಂದ ಆ ಬಾಕ್ಸ್‌ನಲ್ಲಿ ಡಾಯ್ಲ್ ಇನ್ನೂ ಮಾತಾಡುತ್ತಲೇ ಇದ್ದಾರೆ, ಉಳಿದಿಬ್ಬರನ್ನೂ ನಗಿಸುತ್ತಾ.